ಕಮಲದ ಇಪ್ಪತ್ತು ಪೈಸೆ

ನಮ್ಮ ಮನೆಯಲ್ಲಿ ಪ್ರತಿ ಶುಕ್ರವಾರ ದುಡ್ಡಿಗೆ ಸ್ನಾನ ಮಾಡಿಸುತ್ತಿದ್ದರು. ಹೇಳಿದರೆ ಈಗಿನವರು ನಗುತ್ತಾರೆ, ನಗಲಿ. ಹಿತ್ತಲಲ್ಲಿ ಬಚ್ಚಲಿಗೆ ಆತುಕೊಂಡಂತೆ ಒಂದು ಬಟ್ಟೆ ಒಗೆಯುವ ಕಲ್ಲಿತ್ತು. ಅದರ ಮುಂದೆ ನನ್ನ ಸೋದರತ್ತೆ ಜಯ, ಎಂದರೆ ಅಪ್ಪನ ತಂಗಿ, ಕುಕ್ಕರಗಾಲಲ್ಲಿ ಕೂತು, ನೆನೆಸಿದ ಹುಣಸೆಹಣ್ಣಿಗೆ ಚಿಟಿಕೆ ಉಪ್ಪು ಬೆರೆಸಿ, ಒಂದೊಂದೇ ನಾಣ್ಯವನ್ನು ಹೆಬ್ಬೆರಳಲ್ಲಿ ತಿಕ್ಕುತ್ತಿದ್ದಳು. ಕಪ್ಪಿಟ್ಟಿದ್ದ ನಾಣ್ಯ ಹಳದಿಗೆ ತಿರುಗಿ ಅದರ ಮೇಲಿನ ಕಮಲದ ಎಸಳುಗಳು ಕಾಣಿಸಿಕೊಳ್ಳುತ್ತಿದ್ದವು. ತೊಳೆದದ್ದನ್ನು ನನ್ನ ಲಂಗದ ಮಡಿಲಿಗೆ ಹಾಕುವಳು. ನಾನು ಒರೆಸಿ ಹಿತ್ತಾಳೆ ಡಬ್ಬಿಗೆ ತುಂಬಬೇಕು. ಪಕ್ಕದ ಮನೆಯ ಮಗ್ಗಗಳ ಸದ್ದಿಗೆ ನಮ್ಮ ಗೋಡೆಗಳು ಅದುರುತ್ತಿದ್ದವು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಾತಾಡಬೇಕಾದರೆ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದೆವು, ಅದಕ್ಕೇ ಇವತ್ತಿಗೂ ನನ್ನ ಗಂಟಲು ದೊಡ್ಡದು. ಅಷ್ಟು ಗದ್ದಲದಲ್ಲೂ ಅತ್ತೆ ಮಾತ್ರ ಮೆಲ್ಲಗೆ ಮಾತಾಡುತ್ತಿದ್ದಳು. ಅವಳ ಮಾತು ಕೇಳಬೇಕೆಂದರೆ ಅವಳಿಗೆ ಒತ್ತಿಕೊಂಡು ಕೂರಬೇಕಿತ್ತು. ನಾನು ಕೂರುತ್ತಿದ್ದೆ.

ಆ ಕಾಲದಲ್ಲಿ ಇಪ್ಪತ್ತು ಪೈಸೆಯ ಒಂದು ಹಳದಿ ನಾಣ್ಯ ಬರುತ್ತಿತ್ತು, ಒಂದು ಮುಖದಲ್ಲಿ ಅರಳಿದ ಕಮಲ. ಸರ್ಕಾರ ಯಾವ ಯೋಚನೆಯಲ್ಲಿ ಆ ಹೂವನ್ನು ಅಚ್ಚು ಹಾಕಿಸಿತೋ, ನಮ್ಮ ಕಡೆಯ ಹೆಂಗಸರು ಅದನ್ನು ಲಕ್ಷ್ಮಿಯ ಪೀಠ ಅಂತ ತೀರ್ಮಾನ ಮಾಡಿಬಿಟ್ಟರು. ಇಂಥ ನೂರೆಂಟು ನಾಣ್ಯ ಕೂಡಿಸಿ, ದೇವಿಯ ಒಂದೊಂದು ಹೆಸರಿಗೆ ಒಂದೊಂದು ನಾಣ್ಯ ಅರ್ಪಿಸಿ ಪೂಜೆ ಮಾಡಿದರೆ ಅಂದುಕೊಂಡದ್ದು ಆಗುತ್ತದೆ ಎಂಬ ಮಾತು ಬೀದಿಯಿಂದ ಬೀದಿಗೆ ಹಬ್ಬಿತ್ತು. ಅದರ ಜೊತೆಗೇ ಇನ್ನೊಂದು ಸುದ್ದಿ: ಟಂಕಸಾಲೆಯಲ್ಲಿ ಹಿತ್ತಾಳೆ ಕಾಯಿಸುವಾಗ ಯಾರದೋ ಕೈತಪ್ಪಿ ಬಂಗಾರ ಬಿದ್ದುಹೋಗಿದೆ, ಅದಕ್ಕೇ ಈ ಹೊಳಪು! ನಾಣ್ಯ ಸಿಕ್ಕವರು ಬಿಡಲಿಲ್ಲ. ಅಂಗಡಿಯಲ್ಲಿ, ಸಂತೆಯಲ್ಲಿ ಎಲ್ಲಾದರೂ ಒಂದು ಕಂಡರೆ ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದೇ. ಖಾಸಗಿ ಬಸ್ಸೊಂದರಲ್ಲಿ ಕಂಡಕ್ಟರ್ ಆಗಿದ್ದ ಅಪ್ಪನ ಚರ್ಮದ ಚೀಲಕ್ಕೂ ಅದು ಅಪರೂಪಕ್ಕೆ ಬೀಳುತ್ತಿತ್ತು. ಬಿದ್ದ ದಿನ ತನ್ನ ಜೇಬಿನ ಬೇರೆ ಚಿಲ್ಲರೆ ಚೀಲಕ್ಕೆ ಹಾಕಿ, ಅದನ್ನು ಮನೆಗೆ ತಂದು ಅಜ್ಜಿಯ ಕೈಗೆ ಕೊಡುತ್ತಿದ್ದ.

ಈ ಪೂಜೆ ನಮ್ಮ ಮನೆಗೆ ಬಂದದ್ದು ಜಯತ್ತೆಯ ಕಾರಣಕ್ಕೆ. ಅವಳ ಮದುವೆಯಾದ ವರ್ಷ ಆಷಾಢಕ್ಕೆ ತವರಿಗೆ ಬಂದಳು. ಹೊಸ ಹೆಣ್ಣು ಆಷಾಢದಲ್ಲಿ ಅತ್ತೆಮನೆಯಲ್ಲಿ ಇರಬಾರದು, ಶ್ರಾವಣಕ್ಕೆ ಗಂಡ ಬಂದು ಕರೆದುಕೊಂಡು ಹೋಗಬೇಕು, ಇದು ಎಲ್ಲರ ಮನೆಯಲ್ಲೂ ನಡೆಯುವುದೇ. ಶ್ರಾವಣ ಬಂತು, ಗಂಡ ಬರಲಿಲ್ಲ. ಗೌರಿಹಬ್ಬಕ್ಕೆ ಬರಬಹುದು ಅಂದರು. ದೀಪಾವಳಿಗೆ ಅಳಿಯನಿಗೆಂದು ಪಂಚೆ ತಂದಿಟ್ಟರು, ಅದು ಪೆಟ್ಟಿಗೆಯಲ್ಲೇ ಉಳಿಯಿತು. ಅವರೆಕಾಯಿ ಕಾಲ ಬಂದು ಹೋಯಿತು. ಮನೆಯಲ್ಲಿ ಹಿರಿಯರೆಲ್ಲ ದನಿ ತಗ್ಗಿಸಿ ಮಾತಾಡುವುದು ಶುರುವಾಯಿತು. ಮಗ್ಗದ ಸದ್ದಿನಲ್ಲಿ ತಗ್ಗಿಸಿದರೆ ಯಾರಿಗೆ ಕೇಳಬೇಕು, ಮತ್ತೆ ಕೂಗುತ್ತಿದ್ದರು, ಆಗ ಎಲ್ಲ ನನಗೂ ಕೇಳುತ್ತಿತ್ತು. ಅಜ್ಜಿ ಹರಕೆ ಹೊತ್ತಳು. ಶುಕ್ರವಾರ ಶುಕ್ರವಾರ ಜಯಳ ಕೈಯಿಂದಲೇ ಪೂಜೆ ಮಾಡಿಸುವುದು, ನಾಣ್ಯ ಸೇರುವಷ್ಟು ಸೇರಲಿ, ನಾಣ್ಯ ಸಾಲದೆ ಉಳಿದ ಹೆಸರುಗಳಿಗೆ ಹೂವಿನ ಎಸಳು ಹಾಕುವುದು. ಯಾವ ಶುಕ್ರವಾರ ನೂರೆಂಟೂ ನಾಣ್ಯದಲ್ಲೇ ತುಂಬುತ್ತದೋ, ಅದರ ಮಾರನೆಯ ದಿನ ಗಂಡ ಬರಲಿ ಬಿಡಲಿ, ತಾವೇ ತಟ್ಟೆಯಲ್ಲಿ ಎಲೆ ಅಡಿಕೆ ಹಣ್ಣು ಇಟ್ಟುಕೊಂಡು ಹೋಗಿ ಹೆಣ್ಣನ್ನು ಆ ಮನೆಯ ಹೊಸ್ತಿಲು ದಾಟಿಸಿ ಬರುವುದು. ಡಬ್ಬಿ ತುಂಬಿತು ಅಂದರೆ ಅತ್ತೆ ಹೋದಳು ಅಂತಲೇ ಅರ್ಥ. ನನಗೆ ಅದು ಚೆನ್ನಾಗಿ ಗೊತ್ತಿತ್ತು. ಅವಳ ಪಕ್ಕ ಮಲಗುತ್ತಿದ್ದವಳು ನಾನು, ಅವಳ ಕೈತುತ್ತು ತಿನ್ನುತ್ತಿದ್ದವಳು ನಾನು. ಅಪ್ಪ ಹೊಸದೊಂದು ನಾಣ್ಯ ತಂದ ದಿನ ನಾನು ಅವನ ಹತ್ತಿರ ಸುಳಿಯುತ್ತಿರಲಿಲ್ಲ.

ಆ ನಾಣ್ಯದ ಬೆಲೆ ಎಷ್ಟು ಎಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ಒಮ್ಮತವಿರಲಿಲ್ಲ. ಅಜ್ಜಿಯದು ಲೋಹದ ಲೆಕ್ಕ. ಅವಳು ಬೆಳ್ಳಿ ರೂಪಾಯಿ ಕಂಡವಳು. ಕಲ್ಲಿನ ಮೇಲೆ ಬೀಳಿಸಿದರೆ ಠಣ್ಣನೆ ಸದ್ದು ಬರಬೇಕು, ಕರಗಿಸಿದರೆ ಕಾಲುಂಗುರ ಆಗಬೇಕು, ಅದು ದುಡ್ಡು. ಅಲ್ಯೂಮಿನಿಯಮ್ಮಿನ ಎರಡು ಪೈಸೆಯನ್ನು ನಾವು ಮಕ್ಕಳು ತಂಬಿಗೆಯ ನೀರಿನ ಮೇಲೆ ತೇಲಿಬಿಡುತ್ತಿದ್ದುದನ್ನು ನೋಡಿ, ನೀರಲ್ಲಿ ತೇಲೋದನ್ನೆಲ್ಲ ದುಡ್ಡು ಅಂತ ಕೊಡ್ತಾರಲ್ಲ, ಇವರ ಮನೆ ಹಾಳಾಗ ಅಂತ ಸರ್ಕಾರವನ್ನು ಬೈಯುತ್ತಿದ್ದಳು. ಕಮಲದ ನಾಣ್ಯದಲ್ಲಿ ಬಂಗಾರ ಇದೆಯೆಂದು ಅವಳು ಖಂಡಿತವಾಗಿ ನಂಬಿದ್ದಳು. ಒಂದು ದಿನ ಅಕ್ಕಸಾಲಿಯ ಹತ್ತಿರ ತೆಗೆದುಕೊಂಡು ಹೋಗಿ ಒರೆಗೆ ಹಚ್ಚಿಸಿದಳು. ಅವನು ಒರೆಗಲ್ಲಿನ ಮೇಲೆ ಉಜ್ಜಿ, ಸಾಲದೆಂದು ಅರದಿಂದ ಹೂವಿನ ಮೇಲೆ ಅಡ್ಡಕ್ಕೆ ಒಂದು ಗೀರು ಎಳೆದು, ಬರೀ ಹಿತ್ತಾಳೆ ತಾಯಿ ಅಂದ. ಅಜ್ಜಿ ಮನೆಗೆ ಬಂದವಳೇ, ಅವನು ನಿಜ ಹೇಳ್ತಾನಾ, ನಮ್ಮ ಕೈಯಿಂದ ಅಗ್ಗಕ್ಕೆ ಕೊಂಡುಕೊಳ್ಳೋ ಉಪಾಯ ಅಂತ ಅಮ್ಮನಿಗೆ ಹೇಳಿ, ಗೀರು ಬಿದ್ದ ನಾಣ್ಯವನ್ನು ಮತ್ತೆ ಡಬ್ಬಿಗೆ ಹಾಕಿದಳು. ಅಮ್ಮನಿಗೆ ಬಂಗಾರದ ಆಸೆ ಇರಲಿಲ್ಲ. ದೇವರ ಮುಂದೆ ಇಟ್ಟಮೇಲೆ ಅದು ದುಡ್ಡೇ ಅಲ್ಲ, ಹೂವು ಇದ್ದ ಹಾಗೆ ಅನ್ನುತ್ತಿದ್ದಳು. ಅಪ್ಪ ಕೈತೊಳೆದು ಮುದ್ದೆಯ ಮುಂದೆ ಕೂತವನು ಇಬ್ಬರ ಮಾತನ್ನೂ ಕೇಳಿ ಒಂದೇ ಮಾತು ಹೇಳುತ್ತಿದ್ದ.

“ತಗೊಳ್ಳೋರು ಇದ್ರೆ ಅದು ದುಡ್ಡು ಅವ್ವ, ಇಲ್ದಿದ್ರೆ ತಗಡು. ಬಸ್ಸಲ್ಲಿ ದಿನಾ ನೋಡ್ತೀನಿ.”

ನಾನು ಮುಂದೆ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿಯೇ ನಿವೃತ್ತಳಾದೆ. ವರಹ, ಹಣ, ಕಾಸು ಅಂತ ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ವಿವರಿಸುವಾಗ ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ನಮ್ಮ ನಡುಮನೆಯೇ. ಮೊದಮೊದಲು ನಾಣ್ಯಕ್ಕೆ ಬೆಲೆ ಅದರ ಮೈಯಲ್ಲಿದ್ದ ಚಿನ್ನ ಬೆಳ್ಳಿಯಿಂದ. ಕಳ್ಳರು ಅಂಚು ಕೆರೆದು ಕದಿಯುತ್ತಿದ್ದರು, ರಾಜರು ಕೈ ಬಿಗಿಯಾದಾಗ ತಾಮ್ರ ಬೆರೆಸಿ ಕದಿಯುತ್ತಿದ್ದರು. ಆಮೇಲೆ ಮುದ್ರೆಯ ಕಾಲ ಬಂತು, ಲೋಹ ಏನಾದರೂ ಇರಲಿ, ಈ ಗುರುತಿದ್ದರೆ ಕಂದಾಯಕ್ಕೆ ತೆಗೆದುಕೊಳ್ಳುತ್ತೇನೆ ಎಂಬ ಅರಸನ ಮಾತೇ ಬೆಲೆ. ದೇವನಹಳ್ಳಿ ಕಡೆಯ ಹೊಲಗಳಲ್ಲಿ ಮಳೆ ಬಿದ್ದ ಮೇಲೆ ಆನೆಯ ಗುರುತಿನ ತಾಮ್ರದ ಕಾಸು ಸಿಗುತ್ತಿದ್ದವು. ಒಂದು ಕಾಲಕ್ಕೆ ಅದರಲ್ಲಿ ಒಂದು ಮನೆಯ ಸಂತೆ ಆಗುತ್ತಿತ್ತು, ನಮ್ಮ ಕಾಲಕ್ಕೆ ಅದು ಕುಂಟೆಬಿಲ್ಲೆ ಆಡುವ ಬಿಲ್ಲೆ. ಆನೆ ಹಾಗೇ ಇತ್ತು, ತಾಮ್ರವೂ ಹಾಗೇ ಇತ್ತು, ಮಾತು ಕೊಟ್ಟವನು ಇರಲಿಲ್ಲ. ಇನ್ನು ಈಗಿನ ಕಥೆ ಕೇಳಿ. ಮೊನ್ನೆ ಬಾಶೆಟ್ಟಿಹಳ್ಳಿಯಲ್ಲಿ ಫ್ಯಾಕ್ಟರಿ ಶಿಫ್ಟ್ ಬಿಡುವ ಹೊತ್ತಿಗೆ ರಸ್ತೆ ಬದಿ ಸೊಪ್ಪು ಕೊಳ್ಳಲು ನಿಂತು ಹತ್ತು ರೂಪಾಯಿಯ ನಾಣ್ಯ ಕೊಟ್ಟೆ. ಸೊಪ್ಪಿನ ಹುಡುಗಿ, ಇದು ನಡೆಯಲ್ಲ ಆಂಟಿ, ನೋಟು ಕೊಡಿ ಇಲ್ಲಾಂದ್ರೆ ಸ್ಕ್ಯಾನ್ ಮಾಡಿ ಅಂದಳು. ಸಿಂಹದ ಮುದ್ರೆ ತೋರಿಸಿದೆ, ಕಾನೂನು ಹೇಳಿದೆ, ಸಿಟ್ಟು ಮಾಡಿದೆ. ಅವಳು ತಣ್ಣಗೆ, ನಾನು ತಗೊಂಡ್ರೆ ನನ್ನ ಹತ್ರ ಯಾರು ತಗೊಳ್ತಾರೆ ಅಂತ ಕೇಳಿದಳು. ಅಪ್ಪನೇ ಎದುರಿಗೆ ನಿಂತು ಹೇಳಿದ ಹಾಗಾಯಿತು, ಸೊಪ್ಪನ್ನು ಅಲ್ಲೇ ಬಿಟ್ಟು ಮನೆಗೆ ಬಂದುಬಿಟ್ಟೆ. ಬಂದು ಸುಮ್ಮನೆ ಅತ್ತುಬಿಟ್ಟೆ.

ಆ ಮನೆಯ ದಿನಗಳಿಗೇ ಹೋಗುತ್ತೇನೆ. ಶನಿವಾರ ಬೆಳಗಿನ ಶಾಲೆ, ಮಧ್ಯಾಹ್ನ ರಜ. ಅಜ್ಜಿ ಊಟ ಮಾಡಿ ನಡುಮನೆಯಲ್ಲಿ ಅಡ್ಡಾದ ಮೇಲೆ ಜಯತ್ತೆ ತಲೆ ಬಾಚಿಕೊಂಡು, ನನ್ನ ಕೈ ಹಿಡಿದು ಹೊರಡುತ್ತಿದ್ದಳು. ಬಸ್ ಸ್ಟ್ಯಾಂಡಿನ ಹತ್ತಿರ ಶೆಟ್ಟರ ಅಂಗಡಿಯಲ್ಲಿ ಒಂದು ದೊಡ್ಡ ಬನ್ನು ಕೊಳ್ಳುವುದು, ನಾಗರಕೆರೆಯ ಏರಿಯ ಮೇಲೆ ಕೂತು ಅರ್ಧ ಅರ್ಧ ತಿನ್ನುವುದು. ಇಷ್ಟೇ ನಮ್ಮ ಪ್ರವಾಸ. ಬನ್ನಿನ ಮೇಲ್ಭಾಗ ನನಗೆ, ಸಕ್ಕರೆ ಅಂಟಿದ್ದು. ಅಲ್ಲಿ ಅವಳು ಬೇರೆಯೇ ಹೆಣ್ಣಾಗುತ್ತಿದ್ದಳು. ಕಾಲು ಇಳಿಬಿಟ್ಟು ಅಲ್ಲಾಡಿಸುವಳು, ಹೋಗಿಬರುವವರನ್ನೆಲ್ಲ ಅಣಕಿಸಿ ನಗಿಸುವಳು, ನೀರಿಗೆ ಕಲ್ಲೆಸೆದರೆ ಅದು ಕಪ್ಪೆಯ ಹಾಗೆ ಮೂರು ನಾಲ್ಕು ಸಲ ಜಿಗಿಯುತ್ತಿತ್ತು. ಮನೆಯಲ್ಲಿ ಯಾರಿಗೂ ಅವಳ ಆ ನಗು ಗೊತ್ತಿರಲಿಲ್ಲ. ಶೆಟ್ಟರಿಗೆ ಕೊಡುವ ದುಡ್ಡು ಎಲ್ಲಿಯದು ಅಂತ ನಾನು ಯೋಚಿಸಿದವಳೇ ಅಲ್ಲ. ಬನ್ನು ತಿನ್ನುವ ಹುಡುಗಿ ಅದನ್ನೆಲ್ಲ ಯಾಕೆ ಯೋಚಿಸುತ್ತಾಳೆ! ಆದರೆ ಶೆಟ್ಟರು ಅವಳು ಕೊಟ್ಟದ್ದನ್ನು ಗಲ್ಲಾಪೆಟ್ಟಿಗೆಗೆ ಹಾಕದೆ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದುದು ಮಾತ್ರ ನೆನಪಿದೆ.

ಶ್ರಾವಣ ಮತ್ತೆ ಬಂತು. ಅಪ್ಪ ವರ್ಷವಿಡೀ ತಂದರೂ ಡಬ್ಬಿ ಯಾಕೆ ತುಂಬುತ್ತಿಲ್ಲ ಎಂದು ಅಜ್ಜಿ ಆಗಾಗ ಗೊಣಗುತ್ತಿದ್ದಳು. ಅವಳಿಗೆ ಎಣಿಕೆ ಇಪ್ಪತ್ತರಾಚೆಗೆ ತಪ್ಪುತ್ತಿತ್ತು, ಪೂಜೆಗೆ ಎಣಿಸಿಡುವುದು ಜಯತ್ತೆಯ ಕೆಲಸ. ಅಷ್ಟರಲ್ಲಿ ಶೆಟ್ಟರ ಹೆಂಡತಿ ರತ್ನಮ್ಮ ಅರಿಶಿನ ಕುಂಕುಮಕ್ಕೆ ಕರೆದರು. ಅವರ ಮನೆಯಲ್ಲೂ ಅದೇ ಪೂಜೆ, ಅವರ ನೂರೆಂಟು ತುಂಬಿತ್ತು. ಅಜ್ಜಿ, ಅಮ್ಮ, ನಾನು ಹೋದೆವು. ಬಾಳೆ ಎಲೆಯ ಮೇಲೆ ನಾಣ್ಯಗಳನ್ನು ಸಾಲಾಗಿ ಜೋಡಿಸಿದ್ದರು, ಕೆಲವು ಮಂಕು, ಕೆಲವು ಥಳಥಳ. ನಿಮ್ಮ ಜಯಮ್ಮನ ಕೈ ಚೆನ್ನಾಗಿದೆ, ಅವರು ಕೊಟ್ಟವೇ ಹೊಳೀತಿರೋದು, ನಾವು ತೊಳೆದರೆ ಇಷ್ಟು ಬರಲ್ಲ ಅಂತ ರತ್ನಮ್ಮ ಹೊಗಳಿಕೆಗೇ ಹೇಳಿದರು, ಪಾಪ. ಅಜ್ಜಿ ಎಲೆಯ ಹತ್ತಿರ ಬಗ್ಗಿದಳು. ಒಂದು ನಾಣ್ಯದ ಮೇಲೆ ಕಮಲಕ್ಕೆ ಅಡ್ಡವಾಗಿ ಅಕ್ಕಸಾಲಿಯ ಅರದ ಗೀರಿತ್ತು. ಅಜ್ಜಿ ಕಡಲೆಕಾಳಿನ ಉಸಲಿಯನ್ನು ಸೆರಗಿಗೆ ಕಟ್ಟಿಕೊಂಡು, ಕುಂಕುಮ ಇಡಿಸಿಕೊಂಡು, ನಗುನಗುತ್ತಲೇ ಮನೆಗೆ ಬಂದಳು. ಹೊಸ್ತಿಲು ದಾಟಿದ ಮೇಲೆ ಮುಖ ಬದಲಾಯಿತು.

ಅವತ್ತಿನ ಜಗಳದಲ್ಲಿ ಅಜ್ಜಿ ಆಡದ ಮಾತಿಲ್ಲ. ದೇವರ ದುಡ್ಡು ತಿಂದವಳು, ಬನ್ನಿಗೆ ಗಂಡನ ಮನೆ ಮಾರಿಕೊಂಡವಳು, ಮನೆಯ ಮರ್ಯಾದೆಯನ್ನು ಅಂಗಡಿಗೆ ಹಾಕಿದವಳು. ಅಮ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡಳು, ನಾನು ಬಾಗಿಲ ಸಂದಿಯಿಂದ ನೋಡುತ್ತಲೇ ಇದ್ದೆ. ಅಪ್ಪ ಕೆಲಸದಿಂದ ಬಂದವನು ಖಾಕಿ ಅಂಗಿಯನ್ನೂ ಬಿಚ್ಚದೆ ಕಂಬಕ್ಕೆ ಒರಗಿ ಕೂತಿದ್ದ. ಆಮೇಲೆ, ಹೌದಾ ಜಯಾ ಅಂತ ಕೇಳಿದ. ಅವಳು ಅಜ್ಜಿಯ ಕಡೆ ನೋಡಲಿಲ್ಲ, ಅವನನ್ನೇ ನೋಡಿ ಹೇಳಿದಳು. ಅಷ್ಟು ಹೊತ್ತಿಗೆ ಮಗ್ಗಗಳು ನಿಂತಿದ್ದವು, ಅದಕ್ಕೇ ಕೇಳಿಸಿತು.

“ಡಬ್ಬಿ ತುಂಬಿದ್ರೆ ಕಳಿಸ್ತೀರಲ್ಲ ಅಣ್ಣ, ಅದಕ್ಕೇ ಖರ್ಚು ಮಾಡ್ದೆ. ಅಲ್ಲಿ ನನಗೆ ಅನ್ನ ಗಂಟಲಲ್ಲಿ ಇಳೀತಿರ್ಲಿಲ್ಲ. ಹೇಳೋಕೆ ಬಾಯಿ ಬರ್ಲಿಲ್ಲ.”

ಅಪ್ಪ ಎದ್ದು ಖಾಕಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ, ಅಷ್ಟೇ. ನನಗೆ ಅವನ ಮೇಲೆ ಎಂಥ ಕೋಪ ಬಂತೆಂದರೆ, ಅವನ ಮೊಣಕೈ ಕಚ್ಚಬೇಕು ಅನ್ನಿಸಿತು. ಅಜ್ಜಿ ಮಾತ್ರ ಸುಮ್ಮನೆ ಕೂರುವವಳಲ್ಲ. ಮಾರನೆಯ ದಿನವೇ ರತ್ನಮ್ಮನ ಮನೆಗೆ ಹೋಗಿ, ಹೀಗೆ ಹೀಗೆ, ನಮ್ಮ ಹೆಣ್ಣಿನ ಬಾಳಿನ ವಿಷಯ ಅಂತ ಹೇಳಿಕೊಂಡಳು. ಅವರ ಪೂಜೆ ಮುಗಿದಿತ್ತು, ಒಳ್ಳೆಯ ಹೆಂಗಸು ಆಕೆ, ನಮ್ಮಲ್ಲಿ ಕಡಿಮೆ ಬಿದ್ದಷ್ಟನ್ನೂ ಅಜ್ಜಿಯ ಮಡಿಲಿಗೆ ಹಾಕಿ ಕಳಿಸಿದರು. ಗುರುವಾರ ಸಂಜೆ ಅಮ್ಮನ ಕೈಯಲ್ಲಿ ಎಣಿಕೆ ಮಾಡಿಸಿದರು: ನೂರೆಂಟು. ಅಜ್ಜಿ ಡಬ್ಬಿಯನ್ನು ದೇವರ ಗೂಡಿನಲ್ಲಿಟ್ಟು, ಶನಿವಾರ ಹೊರಡುವುದು ಅಂತ ಹೇಳಿ, ತಟ್ಟೆಗೆ ಹಣ್ಣು ತರಲು ಅಪ್ಪನಿಗೆ ಹೇಳಿದಳು. ಜಯತ್ತೆ ತನ್ನ ಸೀರೆಗಳನ್ನು ಮಡಿಸಿ ಟ್ರಂಕಿಗೆ ಇಟ್ಟಳು. ನನಗೆ ತಲೆ ಬಾಚಿ ಎರಡು ಜಡೆ ಹಾಕಿದಳು, ಎಷ್ಟು ಬಿಗಿಯಾಗಿ ಅಂದರೆ ಕಣ್ಣು ಮೇಲಕ್ಕೆ ಎಳೆದುಕೊಂಡವು. ನೋವು ಅಂತ ನಾನು ಹೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಎಲ್ಲರೂ ಏಳುವ ಹೊತ್ತಿಗೆ ಅಪ್ಪ ಡ್ಯೂಟಿಗೆ ಹೋಗಿಬಿಟ್ಟಿದ್ದ. ಅಜ್ಜಿ ಮಡಿಯುಟ್ಟು ಬಂದು ಡಬ್ಬಿ ತೆರೆದಳು. ಒಳಗೆ ಏನೂ ಇರಲಿಲ್ಲ. ಮತ್ತೆ ಜಯಳೇ ಅಂತ ಕೂಗಾಡಿದಳು, ಅವಳು ಇಲ್ಲ ಅಂದರೂ ನಂಬಲಿಲ್ಲ, ಹಾಸಿಗೆ ಕೊಡವಿದರು, ಟ್ರಂಕು ಬರಿದು ಮಾಡಿದರು. ಆ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಿದ್ದೇ ಮಧ್ಯಾಹ್ನದ ಮೇಲೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಪ್ಪ ಬಂದ. ಚೀಲ ಗೂಟಕ್ಕೆ ನೇತುಹಾಕಿ, ಜೇಬಿನಿಂದ ನೋಟು ಚಿಲ್ಲರೆ ತೆಗೆದು ಜಯತ್ತೆಯ ಮುಂದೆ ಇಟ್ಟು, ಇದು ನಿನ್ನದು ಅಂದ. ದೊಡ್ಡಬಳ್ಳಾಪುರದಿಂದ ದೇವನಹಳ್ಳಿ, ಸೂಲಿಬೆಲೆ ಮೇಲೆ ಹೊಸಕೋಟೆಗೆ ಹೋಗುವ ತನ್ನ ಬಸ್ಸಿನಲ್ಲಿ ಅವತ್ತು ಹತ್ತಿದವರಿಗೆಲ್ಲ ಅವನು ಆ ನಾಣ್ಯಗಳನ್ನೇ ಚಿಲ್ಲರೆಯಾಗಿ ಕೊಟ್ಟು, ಅಷ್ಟೇ ದುಡ್ಡನ್ನು ಚೀಲದಿಂದ ತೆಗೆದಿಟ್ಟುಕೊಂಡಿದ್ದ. ಹೋಗುತ್ತ ಅರ್ಧ, ಬರುತ್ತ ಅರ್ಧ. ಎಷ್ಟೋ ವರ್ಷದ ಮೇಲೆ ನನಗೆ ಹೇಳಿದ, ಹೆಂಗಸರು ಕೈಯಲ್ಲಿ ಹಿಡಿದು ನಂಬಲಾರದೆ ಕಣ್ಣಿಗೊತ್ತಿಕೊಳ್ಳುತ್ತಿದ್ದರಂತೆ, ಒಬ್ಬ ಮುದುಕಿ ಇಳಿಯುವಾಗ ಅವನ ಗಲ್ಲ ಮುಟ್ಟಿ ದೃಷ್ಟಿ ತೆಗೆದಳಂತೆ. ಕೊಟ್ಟವುಗಳಲ್ಲಿ ಒಂದೂ ಚೀಲಕ್ಕೆ ತಿರುಗಿ ಬರಲಿಲ್ಲವಂತೆ. ಅಜ್ಜಿ ಗೋಡೆಗೆ ತಲೆ ಕೊಟ್ಟು ಕೂತಿದ್ದಳು. ಹೆತ್ತ ಮಗನೇ ಹೀಗೆ ಮಾಡಿದ ಮೇಲೆ ಇನ್ನೇನು ಅಂತ ಅವಳ ಕಣ್ಣಲ್ಲಿ ನೀರು. ದೇವರ ದುಡ್ಡನ್ನ ಬೀದಿಗೆ ಚೆಲ್ಲಿದೆಯಲ್ಲೋ ಅಂತ ಮಾತ್ರ ಅಂದಳು. ಅಪ್ಪ ಅವಳ ಎದುರು ನೆಲದ ಮೇಲೆ ಕೂತ.

“ನಿನ್ನ ಅಳಿಯ ನನ್ನ ಬಸ್ಸಲ್ಲೇ ಓಡಾಡ್ತಾನೆ ಅವ್ವ. ಹೋದ ವರ್ಷದ ಆಷಾಢದಿಂದ ಎಷ್ಟೋ ಸಲ ಟಿಕೆಟ್ ಕೊಟ್ಟಿದ್ದೀನಿ. ಚಿಲ್ಲರೆ ಮಾತ್ರ ಒಂದೊಂದು ಪೈಸೆ ಎಣಿಸ್ಕೊತಾನೆ. ಜಯ ಹೆಂಗಿದ್ದಾಳೆ ಅಂತ ಒಂದು ದಿನ ಕೇಳಿಲ್ಲ. ನಿನಗೆ ಹೆಂಗೆ ಹೇಳಲಿ ಅಂತ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ.”

ಈಗ ನನಗೆ ಬೇಕಾಗಿರುವುದು ಆ ಸಂಜೆಯೇ. ಆ ಮನೆಯ ಜಾಗದಲ್ಲಿ ಈಗ ಮೊಬೈಲ್ ಅಂಗಡಿಯಿದೆ, ಅದಕ್ಕೆ ನನ್ನ ತಕರಾರಿಲ್ಲ, ಹಂಚು ಸೋರುತ್ತಿದ್ದ ಮನೆ ಅದು. ಜಯತ್ತೆ ಮುಂದೆ ಪಕ್ಕದವರ ಮಗ್ಗದಲ್ಲಿ ಕೆಲಸಕ್ಕೆ ನಿಂತಳು, ಅವಳ ದನಿಯೂ ನಮ್ಮೆಲ್ಲರ ಹಾಗೆ ದೊಡ್ಡದಾಯಿತು, ನನ್ನ ಓದಿನ ಫೀಸು ಕಟ್ಟಿದಳು, ನನ್ನ ಮಕ್ಕಳಿಗೆ ಎಣ್ಣೆ ಒತ್ತಿ ನೀರು ಹಾಕಿದಳು, ಹೋದಳು. ಅವಳು ಹೋಗಿ ಇಷ್ಟು ವರ್ಷವಾದರೂ, ಏನಾದರೂ ಗುಟ್ಟು ಹೇಳಬೇಕಾದಾಗ ಒತ್ತಿ ಕೂರಲು ನನಗೆ ಇನ್ನೊಬ್ಬರು ಸಿಕ್ಕಿಲ್ಲ. ಆ ಸಂಜೆ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮುಂದಿಟ್ಟ ದುಡ್ಡನ್ನು ಮುಟ್ಟಿರಲಿಲ್ಲ. ತಾನು ಇಲ್ಲಿರಬೇಕೋ ಬೇಡವೋ ಅಂತ ಯಾರೂ ಅವಳಿಗೆ ಬಾಯಿಬಿಟ್ಟು ಹೇಳಿರಲಿಲ್ಲ. ಅಪ್ಪ ಎದ್ದು, ಕೈಕಾಲು ತೊಳೆಯಲು ಹಿತ್ತಲ ಕಡೆ ಹೊರಟವನು ಅವಳ ಹತ್ತಿರ ನಿಂತ.

“ನಾಳೆ ಬೆಳಿಗ್ಗೆ ನನ್ನ ಬುತ್ತಿಗೆ ಏನ್ ಮಾಡ್ತೀಯ ಜಯಾ?”

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಚಿತ್ರಾನ್ನ ಮಾಡುತ್ತೇನೆ ಅಂದಳು. ಅಜ್ಜಿ ಮುಖವನ್ನು ಗೋಡೆಯ ಕಡೆಗೇ ಇಟ್ಟುಕೊಂಡು, ನಿಂಬೆಹಣ್ಣು ನೆಲುವಿನ ಮೇಲಿದೆ, ನಿನ್ನ ಕೈಗೆ ಎಟುಕಲ್ಲ, ನಾನು ತೆಗೆದುಕೊಡ್ತೀನಿ ಅಂದಳು.